ಕೋಟಿ ಕಾರಿಗೆ ಯಾವ ಎಣ್ಣೆ?

ಒಂದು ಕೋಟಿ ರೂಪಾಯಿಯ ಕಾರು ನೋಡಲು ಶೋರೂಮಿಗೆ ಬಂದವರೂ ಕೇಳುವುದು ‘ಮೈಲೇಜ್ ಎಷ್ಟು ಬರತ್ತೆ?’ ಅಂತಲೇ. ಕಾರು ಮಾರುವ ಹುಡುಗರು ಇದನ್ನು ನಗುತ್ತಾ ಹೇಳುತ್ತಾರೆ. ಡೀಸೆಲ್ ಎಂದರೆ ಉಳಿತಾಯ, ಪೆಟ್ರೋಲ್ ಎಂದರೆ ದುಂದು ಎಂಬ ಲೆಕ್ಕ ಅಂಬಾಸಡರ್ ಕಾಲದಿಂದ ನಮ್ಮ ತಲೆಯಲ್ಲಿ ಕೂತಿದೆ. ಬ್ಯಾಂಕಿನಲ್ಲಿ ದುಡ್ಡು ಹೆಚ್ಚಾದ ಮಾತ್ರಕ್ಕೆ ಅದು ಎದ್ದು ಹೋಗುವುದಿಲ್ಲ. ಆದರೆ ಐಷಾರಾಮಿ ಎಸ್‌ಯುವಿ ಕೊಳ್ಳುವವರಿಗೆ ಆ ಲೆಕ್ಕ ಈಗ ಅಷ್ಟಾಗಿ ಕೆಲಸಕ್ಕೆ ಬಾರದು. ನೋಡಬೇಕಾದ್ದು ಬೇರೆಯದೇ ಇದೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. 2023ರ ಜುಲೈನಲ್ಲಿ ಬಿಎಂಡಬ್ಲ್ಯು ಪರಿಷ್ಕೃತ ಎಕ್ಸ್5 ಅನ್ನು ಭಾರತಕ್ಕೆ ತಂದಾಗ ಪೆಟ್ರೋಲ್ ಮಾದರಿಯ ಆರಂಭಿಕ ಎಕ್ಸ್ ಶೋರೂಂ ಬೆಲೆ 93.90 ಲಕ್ಷ ರೂಪಾಯಿ, ಡೀಸೆಲ್ಲಿನದು 95.90 ಲಕ್ಷ. ವ್ಯತ್ಯಾಸ ಎರಡೇ ಲಕ್ಷ. 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಶೇ 40ರ ಜಿಎಸ್‌ಟಿ ಈ ಗಾತ್ರದ ಗಾಡಿಗಳಲ್ಲಿ ಇಂಧನ ಯಾವುದೆಂದು ನೋಡುವುದಿಲ್ಲ. ಕರ್ನಾಟಕದ ಜೀವಾವಧಿ ತೆರಿಗೆಯೂ ಅಷ್ಟೆ. 20 ಲಕ್ಷ ದಾಟಿದ ಕಾರಿಗೆ ಶೇ 18, ಅದರ ಮೇಲೆ ಸೆಸ್ಸು, ಎಲ್ಲ ಕೂಡಿ ಹೆಚ್ಚುಕಡಿಮೆ ಶೇ 20. ಆ ಎರಡು ಲಕ್ಷ ರಸ್ತೆಗಿಳಿಯುವ ಹೊತ್ತಿಗೆ 2.4 ಲಕ್ಷವಾಗುತ್ತದೆ.

ಈಗ ಬಂಕಿಗೆ ಬನ್ನಿ. ರಾಜ್ಯ ಸರ್ಕಾರ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ 91 ರೂಪಾಯಿಯ ಆಸುಪಾಸಿಗೆ ಬಂತು. ಪೆಟ್ರೋಲ್ 103ರ ಹತ್ತಿರವಿತ್ತು. ನಗರದ ಓಡಾಟದಲ್ಲಿ ಪೆಟ್ರೋಲ್ ಗಾಡಿ ಲೀಟರಿಗೆ 8, ಡೀಸೆಲ್ 11 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಒಂದಕ್ಕೆ 12.90 ರೂಪಾಯಿ, ಇನ್ನೊಂದಕ್ಕೆ 8.30. ಉಳಿಯುವುದು 4.60. ಮೊದಲು ಕೊಟ್ಟ ಹೆಚ್ಚುವರಿ ಹಣ ಹುಟ್ಟಲು 52 ಸಾವಿರ ಕಿಲೋಮೀಟರ್ ಓಡಿಸಬೇಕು. ವರ್ಷಕ್ಕೆ 10 ಸಾವಿರ ಓಡಿಸುವವರಿಗೆ ಐದು ವರ್ಷ ದಾಟುತ್ತದೆ. ಅಷ್ಟರಲ್ಲಿ ಅವರಲ್ಲಿ ಬಹಳಷ್ಟು ಮಂದಿ ಕಾರನ್ನೇ ಬದಲಿಸಿರುತ್ತಾರೆ. ವರ್ಷಕ್ಕೆ ಉಳಿಯುವ 46 ಸಾವಿರ ರೂಪಾಯಿ ಸಣ್ಣ ಮೊತ್ತವೇನಲ್ಲ, ನಿಜ. ಆದರೆ ಇಂಥ ಕಾರು ಶೋರೂಮಿನ ಗೇಟು ದಾಟಿದ ದಿನವೇ ಇದರ ಹಲವು ಪಟ್ಟು ಬೆಲೆ ಕಳೆದುಕೊಂಡಿರುತ್ತದೆ.

ಹಾಗಾದರೆ ಡೀಸೆಲ್ಲಿನ ಮೋಹ ಎಲ್ಲಿಂದ ಬಂತು? 2012ರ ಮೇ ತಿಂಗಳಲ್ಲಿ ಪೆಟ್ರೋಲ್ ಬೆಲೆ ಒಂದೇ ಏಟಿಗೆ ಏಳೂವರೆ ರೂಪಾಯಿ ಏರಿ ದೆಹಲಿಯಲ್ಲಿ 73 ದಾಟಿದಾಗ, ಡೀಸೆಲ್ 41 ರೂಪಾಯಿ ಮುಟ್ಟಿರಲಿಲ್ಲ. ಲಾರಿ, ಬಸ್ಸು, ರೈತರ ಟ್ರ್ಯಾಕ್ಟರು, ಪಂಪ್‌ಸೆಟ್ಟಿಗೆಂದು ತಗ್ಗಿಸಿಟ್ಟ ಬೆಲೆ ಅದು. ಅದೇ ಬೆಲೆಯ ಎಣ್ಣೆಯನ್ನು ಎರಡು ಟನ್ನಿನ ಜರ್ಮನ್ ಎಸ್‌ಯುವಿಗಳೂ ಯಾವ ಸಂಕೋಚವಿಲ್ಲದೆ ಕುಡಿದವು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸುತ್ತಾ ಬಂದ ಕೇಂದ್ರ ಸರ್ಕಾರ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟಿತು. ಮೂವತ್ತೆರಡು ರೂಪಾಯಿಯಿದ್ದ ಅಂತರ 2025ರ ಹೊತ್ತಿಗೆ ಬೆಂಗಳೂರಿನಲ್ಲಿ ಹನ್ನೆರಡಕ್ಕೆ ಇಳಿದಿತ್ತು. ರೂಢಿ ಮಾತ್ರ ಉಳಿಯಿತು.

ಪೆಟ್ರೋಲಿನ ಕಡೆಗೂ ಒಂದು ಕೊಕ್ಕೆ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ; ಹಾಗಾಗಿ ಬೆರಕೆ ಇಂಧನದಲ್ಲಿ ಶೇ 6ರಿಂದ 7ರಷ್ಟು ಶಕ್ತಿ ಖೋತಾ. ಮಂಡ್ಯ, ಬೆಳಗಾವಿಯ ಕಬ್ಬಿಗೆ ಇದರಿಂದ ಇನ್ನೊಂದು ಗಿರಾಕಿ ಸಿಕ್ಕಿತೆಂಬುದು ಸಂತೋಷವೇ. ಆದರೂ ಬೆಲೆ ಇಳಿಸದೆ ಶಕ್ತಿ ಇಳಿಸಿದ್ದು ನ್ಯಾಯವೆಂದು ನನಗೆ ಅನ್ನಿಸಿಲ್ಲ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ ನೋಡುತ್ತಿರುವವರು ಟ್ಯಾಂಕಿನ ಮುಚ್ಚಳದ ಒಳಬದಿ ಇಲ್ಲವೇ ಮ್ಯಾನ್ಯುಯಲ್‌ನಲ್ಲಿ ಇ20 ಎಂದಿದೆಯೋ ಇ10 ಎಂದಿದೆಯೋ ನೋಡಿಕೊಳ್ಳಿ.

ದುಡ್ಡು ಬಿಟ್ಟರೆ ಡೀಸೆಲ್ ಪರವಾಗಿ ಕೇಳಿಬರುವ ಮಾತು ‘ಎಳೆತ’. ಇದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ, ಗಾಳಿ ಬೆರೆತು ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಹೊತ್ತಿಕೊಳ್ಳುತ್ತವೆ. ಡೀಸೆಲ್ಲಿಗೆ ಕಿಡಿ ಬೇಡ. ಬರೀ ಗಾಳಿಯನ್ನು ಒಳಗೆಳೆದು ಹದಿನೈದು ಹದಿನಾರು ಪಟ್ಟು ಅದುಮಿದರೆ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆಗ 2,000 ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಸಿಂಪಡಿಸಿದ ಕೂಡಲೇ ತಾನಾಗಿ ಉರಿಯುತ್ತದೆ. ಹೆಚ್ಚು ಅದುಮಿದಷ್ಟೂ ಶಾಖದಿಂದ ಕೆಲಸ ಹೆಚ್ಚು ಹುಟ್ಟುತ್ತದೆ. ಸಾಲದ್ದಕ್ಕೆ ಒಂದು ಲೀಟರ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಶೇ 12ರಷ್ಟು ಹೆಚ್ಚು ಶಕ್ತಿ ಅಡಗಿದೆ. ಮೈಲೇಜಿನ ಗುಟ್ಟು ಇಷ್ಟೇ. (ಅಷ್ಟು ಒತ್ತಡದ ಪಂಪಿಗೆ ಡೀಸೆಲ್ಲೇ ಕೀಲೆಣ್ಣೆ. ಬಂಕಿನ ಹುಡುಗ ಕೈತಪ್ಪಿ ಪೆಟ್ರೋಲ್ ಹಾಕಿದರೆ ಸ್ಟಾರ್ಟ್ ಮಾಡಲೇಬೇಡಿ. ಗಾಡಿ ತಳ್ಳಿ ಪಕ್ಕಕ್ಕಿಟ್ಟು ಟ್ಯಾಂಕ್ ಖಾಲಿ ಮಾಡಿಸಿ.)

ಎಳೆತದ ವಿಷಯದಲ್ಲಿ ಎರಡು ಗಾಡಿ ಹೋಲಿಸಿ ನೋಡಿ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟ ಫಾರ್ಚುನರ್‌ನ 2.7 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಇಲ್ಲ. ಅದರ ಟಾರ್ಕ್, ಅಂದರೆ ಎಳೆಯುವ ಬಲ, 245 ಎನ್‌ಎಂ. ಆಟೊಮ್ಯಾಟಿಕ್ ಗೇರಿನ 2.8 ಲೀಟರ್ ಡೀಸೆಲ್ಲಿನದು 500. ಎರಡು ಪಟ್ಟಿಗೂ ಮಿಗಿಲು. ನಾಲ್ಕೂ ಚಕ್ರಕ್ಕೆ ಎಳೆತ ಬೇಕೆಂದರೆ ಕಂಪನಿ ಡೀಸೆಲ್ಲನ್ನೇ ಕೊಡುತ್ತದೆ. ಇಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ರಾಜಕಾರಣಿಗಳು, ಗುತ್ತಿಗೆದಾರರು, ಕಾಫಿ ಎಸ್ಟೇಟಿನವರು ಕಣ್ಣು ಮುಚ್ಚಿ ಡೀಸೆಲ್ ಫಾರ್ಚುನರ್ ತೆಗೆದುಕೊಳ್ಳುತ್ತಾರಲ್ಲ, ಅವರ ಲೆಕ್ಕ ಸರಿಯಾಗಿಯೇ ಇದೆ.

ಎಕ್ಸ್5ರ ಕತೆ ಬೇರೆ. ಅದರ ಮೂರು ಲೀಟರ್ ಪೆಟ್ರೋಲ್ ಎಂಜಿನ್ 381 ಅಶ್ವಶಕ್ತಿ, 520 ಎನ್‌ಎಂ ಕೊಡುತ್ತದೆ. ಅಷ್ಟೇ ಗಾತ್ರದ ಡೀಸೆಲ್ 286 ಅಶ್ವಶಕ್ತಿ, 650 ಎನ್‌ಎಂ. ಟರ್ಬೊ ಬಂದ ಮೇಲೆ ಪೆಟ್ರೋಲ್ ಆ ಹಳೆಯ ಕಂದಕವನ್ನು ಬಹುಪಾಲು ಮುಚ್ಚಿಬಿಟ್ಟಿದೆ. ಸೊನ್ನೆಯಿಂದ 100 ಕಿಲೋಮೀಟರ್ ವೇಗ ಮುಟ್ಟಲು ಪೆಟ್ರೋಲಿಗೆ 5.4 ಸೆಕೆಂಡು, ಡೀಸೆಲ್ಲಿಗೆ 6.1. ಹಾಗಿದ್ದರೂ ಶಿರಾಡಿ ಘಾಟಿಯಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು, ಮುಂದೆ ಟ್ಯಾಂಕರ್ ಲಾರಿ ಏದುಸಿರು ಬಿಡುತ್ತಾ ಏರುತ್ತಿರುವಾಗ ಓವರ್‌ಟೇಕ್ ಮಾಡಿ ನೋಡಿ. ಪೆಟ್ರೋಲ್ ಗಾಡಿ ಎರಡು ಗೇರು ಇಳಿದು, ಒಮ್ಮೆ ಗುಡುಗಿ, ಚಿಮ್ಮಿ ಹೋಗುತ್ತದೆ. ಡೀಸೆಲ್ ಗೇರು ಬದಲಿಸುವ ಗೋಜಿಗೂ ಹೋಗದೆ ಒಂದೂವರೆ ಸಾವಿರ ಆರ್‌ಪಿಎಂನಲ್ಲೇ ಎದೆಯೊಡ್ಡಿ ಎಳೆಯುತ್ತದೆ. ಎರಡೂ ಏರುತ್ತವೆ. ಹಿಂದಿನ ಸೀಟಿನಲ್ಲಿ ಮಲಗಿರುವ ಮಗು ಏಳುವುದು ಮಾತ್ರ ಪೆಟ್ರೋಲ್ ಗಾಡಿಯಲ್ಲಿ. ಬೆಳಗಿನ ಜಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿದಾಗ ಇದೇ ಮಾತು ತಿರುಗುಮುರುಗಾಗುತ್ತದೆ.

ಹೀಗೆ ದುಡ್ಡು, ಎಳೆತ ಎರಡರಲ್ಲೂ ತಕ್ಕಡಿ ಅಷ್ಟೇನೂ ವಾಲುವುದಿಲ್ಲ. ವಾಲಿಸುವುದು ಶೋರೂಮಿನಲ್ಲಿ ಸಾಮಾನ್ಯವಾಗಿ ಯಾರೂ ಬಾಯಿಬಿಡದ ಒಂದು ಡಬ್ಬಿ. ಹೆಸರು ಡಿಪಿಎಫ್, ಡೀಸೆಲ್ ಹೊಗೆಯ ಮಸಿ ಸೋಸುವ ಫಿಲ್ಟರು.

2020ರ ಏಪ್ರಿಲ್ 1ರಂದು ವಾಹನಗಳ ಹೊಗೆ ನಿಯಮದಲ್ಲಿ ಭಾರತ ಬಿಎಸ್4ರಿಂದ ನೇರ ಬಿಎಸ್6ಕ್ಕೆ ಜಿಗಿಯಿತು. ಡೀಸೆಲ್ ಕಾರು ಉಗುಳಬಹುದಾದ ನೈಟ್ರೋಜನ್ ಆಕ್ಸೈಡುಗಳ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಯಿತು. ಮಸಿಯ ಮೇಲಂತೂ ಇನ್ನೂ ಬಿಗಿ. ಅಂದಿನಿಂದ ಡೀಸೆಲ್ ಕಾರಿನ ಹೊಟ್ಟೆಯಡಿ ಒಂದು ಪುಟ್ಟ ರಾಸಾಯನಿಕ ಕಾರ್ಖಾನೆಯೇ ಇದೆ. ಡಿಪಿಎಫ್‌ನ ಸಣ್ಣ ತೂತುಗಳ ಸೆರಾಮಿಕ್ ಗೋಡೆಗಳು ಮಸಿಯನ್ನು ಹಿಡಿದಿಡುತ್ತವೆ. ಹಿಡಿದಿಟ್ಟದ್ದು ತುಂಬುತ್ತಾ ಹೋದರೆ ಎಂಜಿನ್ನಿಗೆ ಉಸಿರುಗಟ್ಟುತ್ತದೆ. ಆದ್ದರಿಂದ ಅದನ್ನು ಆಗಾಗ ಸುಡಬೇಕು. ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಕೆಲಸ ಸಲೀಸು. ನಗರದಲ್ಲಿ ಅಷ್ಟು ಶಾಖ ಹುಟ್ಟುವುದಿಲ್ಲ. ಆಗ ಕಂಪ್ಯೂಟರು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಬೇಕೆಂದೇ ಹೊಗೆಯನ್ನು ಕಾಯಿಸುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಐಡ್ಲಿಂಗ್ ಏರುವುದು, ಗಾಡಿ ಆಫ್ ಮಾಡಿದ ಮೇಲೂ ಫ್ಯಾನು ಬುಸುಗುಟ್ಟುವುದು, ಸುಟ್ಟ ವಾಸನೆ ಬರುವುದು ಇದರ ಗುರುತು. ಹತ್ತಿಪ್ಪತ್ತು ನಿಮಿಷದ ಈ ಕೆಲಸದ ನಡುವೆ ನೀವು ಮನೆ ತಲುಪಿ ಕೀ ತಿರುಗಿಸಿದಿರೋ, ಸುಡುವುದು ಅರ್ಧಕ್ಕೆ ನಿಂತಿತು. ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲ್ಲಿಗೆ ಬೆರೆಯುತ್ತದೆ. ಹೀಗೆ ವಾರಗಟ್ಟಲೆ ನಡೆದರೆ ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಳ್ಳುತ್ತದೆ.

ರಾಜಾಜಿನಗರದ ಗ್ಯಾರೇಜೊಂದಕ್ಕೆ ಅಂಥ ದೀಪ ಹೊತ್ತಿಸಿಕೊಂಡು ಬಂದ ಹಿರಿಯ ವೈದ್ಯರೊಬ್ಬರಿಗೂ ಮೆಕ್ಯಾನಿಕ್‌ಗೂ ನಡೆದ ಮಾತು ನನ್ನ ಕಿವಿಗೆ ಬಿದ್ದಿತ್ತು.

‘ದಿನಾ ಎಷ್ಟು ಓಡಿಸ್ತೀರಾ ಸಾರ್?’

‘ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ ಕಣಪ್ಪ. ಹೋಗಿ ಬಂದು ಎಂಟು ಕಿಲೋಮೀಟರ್ ಆಗಬಹುದು.’

‘ಅಷ್ಟಕ್ಕೆ ಈ ಗಾಡಿ ಬಿಸೀನೂ ಆಗಲ್ಲ ಸಾರ್. ನಾಳೆ ಬೆಳಗ್ಗೆ ತುಮಕೂರು ರೋಡಿಗೆ ಹಾಕಿ. ಆರ್‌ಪಿಎಂ ಎರಡು ಸಾವಿರದ ಮೇಲೇ ಇರೋ ಹಂಗೆ ಅರ್ಧ ಗಂಟೆ ಬಿಡದೆ ಓಡಿಸಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ಕೊಂಡು ಬನ್ನಿ. ಬರೋಷ್ಟರಲ್ಲಿ ಲೈಟ್ ಹೋಗಿರತ್ತೆ.’

ಇದು ನಗೆಚಾಟಿಕೆಯಲ್ಲ, ಅಪ್ಪಟ ತಾಂತ್ರಿಕ ಸಲಹೆ. ಇಡ್ಲಿ ಒಂದನ್ನು ಬಿಟ್ಟರೆ ಕಂಪನಿಗಳ ಮ್ಯಾನ್ಯುಯಲ್ ಹೇಳುವುದೂ ಬಹುತೇಕ ಅದನ್ನೇ. ಆ ಸಲಹೆಯನ್ನು ಅಸಡ್ಡೆ ಮಾಡುತ್ತಾ ಹೋದರೆ ಹಳದಿ ದೀಪದ ನಂತರ ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಕೊನೆಗೆ ಫಿಲ್ಟರನ್ನೇ ಬದಲಿಸಬೇಕಾಗಿ ಬಂದರೆ ಐಷಾರಾಮಿ ಗಾಡಿಗಳಲ್ಲಿ ಬಿಲ್ಲು ಲಕ್ಷಗಳಲ್ಲಿ ಬರುತ್ತದೆ. ಐದು ವರ್ಷ ಡೀಸೆಲ್ಲಿನಲ್ಲಿ ಉಳಿಸಿದ್ದು ಒಂದೇ ಮಧ್ಯಾಹ್ನ ಕೈಬಿಟ್ಟು ಹೋಗುತ್ತದೆ.

ಇನ್ನೊಂದು, ಆ್ಯಡ್‌ಬ್ಲೂ. ಲಾರಿಯವರು ಡಿಇಎಫ್ ಅನ್ನುತ್ತಾರೆ. ಶೇ 32.5ರಷ್ಟು ಯೂರಿಯಾ ಕರಗಿಸಿದ ಶುದ್ಧ ನೀರು ಅದು. ಹೊಗೆಕೊಳವೆಯೊಳಗೆ ಸಿಂಪಡಿಸಿದರೆ ನೈಟ್ರೋಜನ್ ಆಕ್ಸೈಡನ್ನು ನೈಟ್ರೋಜನ್, ನೀರಾವಿಯಾಗಿ ಒಡೆಯುತ್ತದೆ. ದುಬಾರಿಯೇನಲ್ಲ. ಆದರೆ ಅದರ ಟ್ಯಾಂಕ್ ಪೂರ್ತಿ ಬರಿದಾದರೆ ಗಾಡಿ ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ. ಮುಂಚೆ ನೂರಾರು ಕಿಲೋಮೀಟರ್ ಎಚ್ಚರಿಸಿಯೇ ಇರುತ್ತದೆ, ನಾವು ನೋಡಿರುವುದಿಲ್ಲ ಅಷ್ಟೆ.

ಐಷಾರಾಮಿ ಎಸ್‌ಯುವಿ ಹುಟ್ಟಿದ್ದು ಪೆಟ್ರೋಲಿನಲ್ಲೇ ಎಂಬುದನ್ನು ಇಷ್ಟು ರಗಳೆಯ ಡೀಸೆಲ್ಲಿಗೆ ಮನಸೋತ ನಾವು ಮರೆತಿದ್ದೇವೆ. 1970ರಲ್ಲಿ ಬಂದ ರೇಂಜ್ ರೋವರ್‌ನ ಬಾನೆಟ್ಟಿನಡಿ ಇದ್ದದ್ದು ಮೂರೂವರೆ ಲೀಟರ್ ವಿ8 ಪೆಟ್ರೋಲ್ ಎಂಜಿನ್. ಕಂಪನಿಯೇ ಅದಕ್ಕೆ ಡೀಸೆಲ್ ಜೋಡಿಸಿ ಮಾರಿದ್ದು 1986ರಲ್ಲಿ, ಅದೂ ಇಟಲಿಯ ವಿಎಂ ಮೋಟೊರಿಯಿಂದ ತರಿಸಿದ ಎಂಜಿನ್. ಅಲ್ಲಿಂದ ಡೀಸೆಲ್ಲಿನ ಸೊಕ್ಕು ಏರುತ್ತಲೇ ಹೋಯಿತು. 2006ರಲ್ಲಿ ಔಡಿಯ ಡೀಸೆಲ್ ರೇಸ್ ಕಾರು ಲೆ ಮಾನ್ಸ್ 24 ಗಂಟೆಯ ಓಟ ಗೆದ್ದಿತು. 2008ರಲ್ಲಿ ಅದೇ ಕಂಪನಿ ಕ್ಯು7 ಎಸ್‌ಯುವಿಗೆ ಹನ್ನೆರಡು ಸಿಲಿಂಡರಿನ ಆರು ಲೀಟರ್ ಡೀಸೆಲ್ ತುರುಕಿತು: 500 ಅಶ್ವಶಕ್ತಿ, 1,000 ಎನ್‌ಎಂ. ಕುಟುಂಬದ ಕಾರಿಗೆ ಅಷ್ಟು ಯಾಕೆ ಬೇಕಿತ್ತೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಸೊಕ್ಕು ಇಳಿಸಿದ ಕತೆಯಲ್ಲಿ ಬೆಂಗಳೂರಿನವರೊಬ್ಬರಿದ್ದಾರೆ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಡೀಸೆಲ್ ಕಾರುಗಳ ಹೊಗೆಯನ್ನು ಪ್ರಯೋಗಾಲಯದಲ್ಲಲ್ಲ, ರಸ್ತೆಯ ಮೇಲೇ ಅಳೆಯಲು ಹೊರಟಿತು. ಡ್ಯಾನ್ ಕಾರ್ಡರ್ ನೇತೃತ್ವದ ಆ ತಂಡದಲ್ಲಿ ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಶ್ ಜೊತೆಗೆ ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಇದ್ದರು. ಡಿಕ್ಕಿಯಲ್ಲಿ ಅಳತೆಯ ಯಂತ್ರ, ಜನರೇಟರ್ ತುಂಬಿಕೊಂಡು ಕ್ಯಾಲಿಫೋರ್ನಿಯಾದಲ್ಲಿ ಓಡಾಡಿದರು. ಫೋಕ್ಸ್‌ವ್ಯಾಗನ್ ಜೆಟ್ಟಾದ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚಿತ್ತು. 2014ರ ಆ ವರದಿಯ ಎಳೆ ಹಿಡಿದು ಹೊರಟ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರ ಸೆಪ್ಟೆಂಬರ್ 18ರಂದು ಕಂಪನಿಗೆ ನೋಟಿಸ್ ಕೊಟ್ಟಿತು. ಪರೀಕ್ಷೆಯ ಹೊತ್ತಿಗೆ ಮಾತ್ರ ಸಾಚಾ ಆಗುವ ತಂತ್ರಾಂಶ ಜಗತ್ತಿನಾದ್ಯಂತ 1.1 ಕೋಟಿ ಕಾರುಗಳಲ್ಲಿತ್ತು. ಎರಡು ತಿಂಗಳಲ್ಲಿ ಪೋರ್ಶೆ ಕಯೆನ್, ಔಡಿ ಕ್ಯು7ಗಳ ಮೂರು ಲೀಟರ್ ಡೀಸೆಲ್ಲೂ ಪಟ್ಟಿ ಸೇರಿತು.

ಈ ಕತೆಯಲ್ಲಿ ನಾವು ಗಮನಿಸದ ಭಾಗವೊಂದಿದೆ. ಆ ತಂಡ ಪರೀಕ್ಷಿಸಿದ ಮೂರು ಗಾಡಿಗಳಲ್ಲಿ ಒಂದು ಎಕ್ಸ್5 ಡೀಸೆಲ್. ಮೂರರಲ್ಲೂ ಭಾರದ್ದು ಅದೇ. ಬೆಟ್ಟ ಏರುವ ಒಂದು ದಾರಿ ಬಿಟ್ಟರೆ ಅದರ ಹೊಗೆ ಮಿತಿಯೊಳಗೇ ಇತ್ತು. ಅಂದರೆ ಡೀಸೆಲ್ಲನ್ನು ಶುದ್ಧವಾಗಿ ಉರಿಸುವುದು ಸಾಧ್ಯ, ಖರ್ಚು ಮಾಡುವ ಮನಸ್ಸಿದ್ದರೆ. ಆದರೆ ಜನ ಅಷ್ಟು ಬಿಡಿಸಿ ನೋಡಲಿಲ್ಲ. ಅದಕ್ಕೂ ಮುಂಚೆ 2012ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿಯಾಗಿತ್ತು. ಹಗರಣಕ್ಕೆ ಮುನ್ನ ಪಶ್ಚಿಮ ಯುರೋಪಿನಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಇರುತ್ತಿದ್ದವು. ಈಗ ಹತ್ತರಲ್ಲಿ ಒಂದು. ಪೋರ್ಶೆ 2018ರಲ್ಲಿ ಡೀಸೆಲ್ ಬಿಟ್ಟಿತು. ವೋಲ್ವೊ ತನ್ನ ಕೊನೆಯ ಡೀಸೆಲ್ ಎಕ್ಸ್‌ಸಿ90ಯನ್ನು 2024ರ ಮಾರ್ಚ್‌ನಲ್ಲಿ ಕಟ್ಟಿ ಮುಗಿಸಿತು. ಭಾರತದಲ್ಲಿ ಔಡಿ ಬಿಎಸ್6 ಬಂದಾಗಲೇ ಕೈತೊಳೆದುಕೊಂಡಿತು. 2022ರಲ್ಲಿ ಮರಳಿದ ಕ್ಯು7 ಪೆಟ್ರೋಲ್ ಮಾತ್ರ. ಅತ್ತ ಟೊಯೊಟದ ಲ್ಯಾಂಡ್ ಕ್ರೂಸರ್ 300 ಇಲ್ಲಿಗೆ ಬರುವುದು ಡೀಸೆಲ್ಲಿನಲ್ಲಿ ಮಾತ್ರ. ಎರಡೂ ಸಿಗುವುದು ಬಿಎಂಡಬ್ಲ್ಯು, ಮರ್ಸಿಡಿಸ್, ರೇಂಜ್ ರೋವರ್‌ನಂಥ ಕೆಲವೇ ಮನೆಗಳಲ್ಲಿ.

ಸರ್ಕಾರ ನಾಳೆ ಏನು ಮಾಡೀತು ಎಂಬ ಅಳುಕೂ ಡೀಸೆಲ್ ಬೆನ್ನಿಗಿದೆ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2,000 ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಮಹೀಂದ್ರಾ ಕೂಡಲೇ 1.99 ಲೀಟರ್ ಎಂಜಿನ್ ತಂದು ನುಸುಳಿಕೊಂಡಿತು. ದೊಡ್ಡ ಎಂಜಿನ್ನಿನ ಮರ್ಸಿಡಿಸ್‌ಗಳು ಎಂಟು ತಿಂಗಳು ಕಾದವು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂಬ ಆದೇಶವನ್ನು ಇದೇ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು; 2025ರಲ್ಲಿ ಅದು ಮತ್ತೆ ಕಟಕಟೆಗೆ ಬಂತು. ಕರ್ನಾಟಕದಲ್ಲಿ ಅಂಥ ನಿಯಮವಿಲ್ಲ. ಇಲ್ಲದಿರುವುದರಿಂದಲೇ ದೆಹಲಿಯ ಹಳೆಯ ಡೀಸೆಲ್ ಎಸ್‌ಯುವಿಗಳು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳ ಅಂಗಳದಲ್ಲಿ ಮೈ ತೊಳೆದುಕೊಂಡು ನಿಂತಿರುತ್ತವೆ. ಬೆಲೆ ಕೇಳಿ ಬಾಯಲ್ಲಿ ನೀರೂರುತ್ತದೆ. ಎನ್‌ಒಸಿ, ಇಲ್ಲಿ ಮತ್ತೆ ಕಟ್ಟಬೇಕಾದ ಜೀವಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಡಿಪಿಎಫ್ ಇರಬೇಕಾದ ಗಾಡಿಯಾದರೆ ಸ್ಕ್ಯಾನರ್ ಹಾಕಿಸಿ ಡಿಪಿಎಫ್‌ನಲ್ಲಿ ಮಸಿ ಎಷ್ಟಿದೆ ನೋಡಿ. ಅದಕ್ಕೂ ಮುಂಚೆ ಡಿಪಿಎಫ್ ಇದೆಯೇ ನೋಡಿ; ಒಳಗಿನದನ್ನು ಕಿತ್ತು ಬರೀ ಡಬ್ಬಿ ಬಿಟ್ಟ ಗಾಡಿಗಳುಂಟು. ಅದು ಕಾನೂನುಬಾಹಿರ.

ನನ್ನ ತೀರ್ಪು ಇಷ್ಟು. ತಿಂಗಳಿಗೆ ಒಂದೆರಡು ಬಾರಿಯಾದರೂ ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಹೊರಡುವವರು, ಚಿಕ್ಕಮಗಳೂರು ಕೊಡಗಿನಲ್ಲಿ ತೋಟ ಇಟ್ಟುಕೊಂಡವರು, ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ದಾಟಿಸುವವರು ಆರು ಸಿಲಿಂಡರಿನ ಡೀಸೆಲ್ ತೆಗೆದುಕೊಳ್ಳಿ. ದೊಡ್ಡ ಗಾಡಿಗೆ ಅದರಷ್ಟು ಒಪ್ಪುವ ಎಂಜಿನ್ ಇನ್ನೊಂದಿಲ್ಲ. ಕೋರಮಂಗಲದಿಂದ ಇಂದಿರಾನಗರ, ಮಕ್ಕಳ ಶಾಲೆ, ಕ್ಲಬ್ಬು, ವರ್ಷಕ್ಕೊಮ್ಮೆ ತಿರುಪತಿ ಎನ್ನುವವರು ಪೆಟ್ರೋಲಿಗೇ ಹೋಗಿ, ಮೈಲೇಜ್ ಕೇಳಬೇಡಿ. ಟೆಸ್ಟ್ ಡ್ರೈವ್‌ಗೆ ಗಾಡಿಯನ್ನು ಬೆಳಗ್ಗೆ ಮನೆಗೇ ತರಿಸಿ, ಒಂದು ಗಂಟೆ ಆರಲು ಬಿಟ್ಟು, ನೀವು ದಿನಾ ಹೋಗುವ ದಾರಿಯಲ್ಲೇ ಓಡಿಸಿ ನೋಡಿ. ಟ್ರಾಫಿಕ್ಕು ಸೇರಿ ಆ ದಾರಿ ಇಪ್ಪತ್ತು ನಿಮಿಷದೊಳಗೆ ಮುಗಿದರೆ ಡೀಸೆಲ್ ನಿಮಗಲ್ಲ.